ನನ್ನ ಮಂಡಿ ಕೊಟ್ಟ ಎರಡು ಹೇಳಿಕೆ

ಕೇಳುವವರ ಮುಖ ನೋಡಿ ಉತ್ತರ ಕೊಡುವುದು ನನ್ನ ಹಳೆಯ ದೌರ್ಬಲ್ಯ. ಸುಳ್ಳು ಹೇಳುತ್ತೇನೆಂದಲ್ಲ, ನಿಜವನ್ನು ಸಂದರ್ಭಕ್ಕೆ ತಕ್ಕಂತೆ ಕೊಂಚ ಬಗ್ಗಿಸುತ್ತೇನೆ, ಅಷ್ಟೆ. ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಬಲಮಂಡಿ ತಾನು ಮಾತ್ರ ಬಗ್ಗುವುದಿಲ್ಲವೆಂದು ಹಟ ಹಿಡಿದಾಗ ಈ ವಿದ್ಯೆ ಬಹಳ ಉಪಯೋಗಕ್ಕೆ ಬಂತು. ದಾದರಿನ ಆಫೀಸಿನಲ್ಲಿ ಬಡ್ತಿಯ ಮಾತು ನಡೆದಿತ್ತು. ಹಾಗಾಗಿ ಅಲ್ಲಿ ನನಗೆ ಮಂಡಿನೋವು ಇರಲೇ ಇಲ್ಲ. ವಿಲೆ ಪಾರ್ಲೆಯ ನಮ್ಮ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಂಡತಿ ಕಮಲಾ ತರಕಾರಿ ಚೀಲ ಕೈಗೆತ್ತಿಕೊಂಡರೆ ಸಾಕು, ನಾನು ಮಂಡಿ ಹಿಡಿದು ಕುರ್ಚಿಗೆ ಒರಗುತ್ತಿದ್ದೆ. ಪಾಪ, ಅವಳೇ ಇಳಿದು ಹೋಗುತ್ತಿದ್ದಳು.

ಕೊನೆಗೆ ಅವಳೇ ನನ್ನನ್ನು ಮೂಳೆ ಆಸ್ಪತ್ರೆಯೊಂದಕ್ಕೆ ಎಳೆದೊಯ್ದಳು. ಅಲ್ಲಿದ್ದವಳು ಸಂಧ್ಯಾ ಎಂಬ ಎಳೆಯ ಡಾಕ್ಟರು. ಹೆತ್ತವರು ಉಡುಪಿ ಕಡೆಯವರು, ಇವಳು ಬೆಳೆದದ್ದು ಜೋಗೇಶ್ವರಿಯಲ್ಲಿ. "ಅಂಕಲ್, ನನ್ನದು ಒಂದು ರಿಸರ್ಚ್ ಉಂಟು. ಸೇಮ್ ಪ್ರಶ್ನೆ ಪೇಪರಲ್ಲಿ ಒಮ್ಮೆ, ಕಂಪ್ಯೂಟರಲ್ಲಿ ಒಮ್ಮೆ. ಪೇಶೆಂಟ್ ಎರಡರಲ್ಲೂ ಸೇಮ್ ಹೇಳ್ತಾರಾ ನೋಡ್ಬೇಕು. ಚಲೇಗಾ ನಾ, ಆಗ್ಬಹುದಲ್ಲಾ?" ಎಂದಳು.

ಮೊದಲು ಕಾಗದ. ಕಮಲಾ ಪಕ್ಕದಲ್ಲೇ ಕೂತು ಕತ್ತು ಚಾಚಿದ್ದಳು. ಮೆಟ್ಟಿಲು ಹತ್ತಬಲ್ಲಿರಾ? 'ಬಹಳ ಕಷ್ಟ.' ಪೇಟೆಗೆ ಹೋಗಿಬರಬಲ್ಲಿರಾ? 'ಸಾಧ್ಯವೇ ಇಲ್ಲ.' ಅವಳು ಲೊಚಗುಟ್ಟಿದಳು. ಆ ಕನಿಕರದಿಂದ ಹುರುಪೇರಿ ಇನ್ನೂ ನಾಲ್ಕಾರು ಕಡೆ ಹಾಗೆಯೇ ಗುರುತು ಹಾಕಿದೆ. ಕೊನೆಯ ಪ್ರಶ್ನೆ, ಮಂಡಿಯಿಂದಾಗಿ ನಿಮಗೆ ಭಯವಾಗುತ್ತದೆಯೇ? 'ಎಂದೂ ಇಲ್ಲ' ಎಂದು ಬರೆದೆ. ಹೆಂಡತಿಯ ಎದುರು ಗಂಡಸು ಮತ್ತೇನು ಬರೆದಾನು?

ಕಂಪ್ಯೂಟರಿಗೆ ಬೇರೆ ಕೋಣೆ. ಧೂಳು ಆಗದಂತೆ, ಹೊರಗೇ ಬೂಟು-ಚಪ್ಪಲಿ ಬಿಡಬೇಕು. ಒಳಗೆ ಒಬ್ಬರಿಗೇ ಪ್ರವೇಶ. ನಾನು ಒಂಟಿಕಾಲಲ್ಲಿ ನಿಂತು ಬೂಟಿನ ಲೇಸು ಬಿಚ್ಚಿದ್ದನ್ನು ಯಾರೂ ಗಮನಿಸಲಿಲ್ಲ. ಒಳಗೆ ತಣ್ಣನೆಯ ಗಾಳಿ, ಕಪ್ಪು ಪರದೆ, ಹಸಿರು ಅಕ್ಷರ. ಯಂತ್ರ ಹುಬ್ಬೇರಿಸಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಇಂಥದ್ದರ ಮುಂದೆ ನಟಿಸಿ ಏನು ಪ್ರಯೋಜನ? ಮೆಟ್ಟಿಲು ಹತ್ತುತ್ತೇನೆ, ಪೇಟೆಗೂ ಹೋಗಬಲ್ಲೆ ಎಂದು ಗುಂಡಿ ಒತ್ತಿದೆ. ಆಮೇಲೆ ಆ ಭಯದ ಪ್ರಶ್ನೆ ಬಂತು. ಬೆರಳು ನಿಂತಿತು. ಬೆಳಿಗ್ಗೆ ಲೋಕಲ್ ರೈಲಿಗೆ ನುಗ್ಗುವಾಗ, ಹಿಂದಿನಿಂದ ಜನ ತಳ್ಳುವಾಗ, ಈ ಕಾಲು ಕೈಕೊಟ್ಟರೆ? ಯಾರಿಗೂ ಹೇಳದಿದ್ದ ಮಾತು. 'ದಿನವೂ' ಎಂದು ಒತ್ತಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಸಂಧ್ಯಾ ನಮ್ಮಿಬ್ಬರನ್ನೂ ಕರೆದಳು. "ಅಂಕಲ್, ಬಾಕಿ ಸಬ್ ಪೇಶೆಂಟ್ಸ್‌ದು ಮ್ಯಾಚ್ ಆಯ್ತು. ನಿಮ್ದು ಮಾತ್ರ ಪೇಪರ್ ನೋಡಿದ್ರೆ ಆಪರೇಷನ್, ಕಂಪ್ಯೂಟರ್ ನೋಡಿದ್ರೆ ಖಾಲಿ ಎಕ್ಸರ್ಸೈಜ್. ಯಾವುದು ಸಚ್?"

ಕತ್ತಿಯ ಹೆಸರು ಕೇಳಿದ್ದೇ ನನ್ನ ಬಾಯಿಂದ ಸತ್ಯ ಹಾರಿಬಿತ್ತು: "ಕಂಪ್ಯೂಟರೇ, ಕಂಪ್ಯೂಟರೇ!"

"ಎರಡನ್ನೂ ಇಟ್ಕೊಳ್ಳಿ ಡಾಕ್ಟ್ರೇ. ಮನೇಲೂ ಇವರು ಇಬ್ಬರು ಇದ್ದಾರೆ," ಎಂದಳು ಕಮಲಾ. ನಾನು ತುಂಬಿದ ಕಾಗದವನ್ನೂ ಕಂಪ್ಯೂಟರಿನ ಪ್ರಿಂಟನ್ನೂ ಸೆಳೆದುಕೊಂಡು ಒಂದೊಂದೇ ಹೋಲಿಸಿದಳು. "ಪೇಟೆಗೆ ಹೋಗಬಲ್ಲರಂತೆ! ಒಂದು ವರ್ಷದಿಂದ ನಾನು..." ಎನ್ನುತ್ತ ಕೊನೆಯ ಸಾಲಿಗೆ ಬಂದು ಥಟ್ಟನೆ ನಿಂತಳು. ಎರಡನ್ನೂ ಮಡಿಚಿ ಮೇಜಿನ ಮೇಲಿಟ್ಟಳು. "ಭಯ ಅಂತ ನನಗ್ಯಾಕೆ ಹೇಳಲಿಲ್ಲ?" ಎಂದಳು ಮೆಲ್ಲಗೆ.

ವ್ಯಾಯಾಮದ ಚೀಟಿ ಹಿಡಿದು ಹೊರಟೆವು. ಎಂದೂ ಲೇಡೀಸ್ ಡಬ್ಬಿ ಬಿಡದ ಕಮಲಾ ಅಂದು ನನ್ನ ಜೊತೆ ಜನರಲ್ ಹತ್ತಿ, ದಾರಿಯುದ್ದಕ್ಕೂ ನನ್ನ ತೋಳು ಹಿಡಿದು ನಿಂತಳು. ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಇದನ್ನು ಎದುರಿಸುವುದು ಹೇಗೆಂದು ತಿಳಿಯಲಿಲ್ಲ. ನಮ್ಮ ಬಿಲ್ಡಿಂಗಿನ ಮೊದಲ ಮೆಟ್ಟಿಲ ಬಳಿ ಕೇಳಿದಳು: "ನಿಜ ಹೇಳಿ, ಈಗ ನೋವಿದೆಯಾ? ಕೈ ಕೊಡಲಾ?"

ದೇವರಾಣೆ, ಆ ಗಳಿಗೆಯಲ್ಲಿ ಎಳ್ಳಷ್ಟೂ ನೋವಿರಲಿಲ್ಲ. ಆದರೆ ಅವಳು ಆಗಲೇ ಕೈ ಚಾಚಿದ್ದಳು. ಮೂರೂ ಮಹಡಿ ಕುಂಟುತ್ತಲೇ ಹತ್ತಿದೆ.