ಭಾವನವರು ಮದ್ದು ಆರಿಸಿದ್ದು

ನಮ್ಮ ಅಕ್ಕನನ್ನು ನೋಡಿ ಒಪ್ಪಿಕೊಳ್ಳಲು ನಮ್ಮ ಭಾವನವರು ತೆಗೆದುಕೊಂಡದ್ದು ಹನ್ನೊಂದು ನಿಮಿಷ. ಕಾಫಿ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡಿದವನು ನಾನೇ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಅದೇ ಮನುಷ್ಯ ತಮ್ಮ ಪಿಸ್ತೂಲಿನ ತೋಟಾಗಳಿಗೆ ಮದ್ದು ಆರಿಸಲು ಮೂರು ವರ್ಷ ತೆಗೆದುಕೊಂಡರು! ಇದನ್ನು ಅಕ್ಕನ ಎದುರು ಹೇಳಿದರೆ ಅವಳು ನಗುವುದಿಲ್ಲ. "ನನ್ನನ್ನೂ ತೂಕ ಹಾಕಿ ನೋಡಿದ್ದಿದ್ರೆ ಬಿಟ್ಟೇ ಹೋಗ್ತಿದ್ರು ಬಿಡೋ" ಅನ್ನುತ್ತಾಳೆ.

ಪಿಸ್ತೂಲು ಎಂದ ಕೂಡಲೇ ಬೆಚ್ಚಬೇಡಿ. ಭಾವನವರು ಜೀವಮಾನದಲ್ಲಿ ಹೊಡೆದದ್ದು ಕಾಗದವನ್ನು ಮಾತ್ರ. ಇಲ್ಲಿ ಪರದೇಶದಲ್ಲಿ, ಮಾಲ್ಟನ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಕೂದಲೆಳೆಯ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೂ ತುಂಡನ್ನು ವಾಪಸ್ಸು ಕಳಿಸುತ್ತಿದ್ದ ಕೈ ಅದು. ಲೈಸೆನ್ಸಿದೆ, ಕಬ್ಬಿಣದ ಪೆಟ್ಟಿಗೆಯಿದೆ, ಪೆಟ್ಟಿಗೆಗೆ ಬೀಗವಿದೆ, ಒಳಗೆ ಪಿಸ್ತೂಲಿಗೂ ಒಂದು ಬೀಗವಿದೆ. ಭಾನುವಾರ ಕ್ಲಬ್ಬಿಗೆ ಹೋಗಿ ಕಾಗದಕ್ಕೆ ತೂತು ಮಾಡುತ್ತಾರೆ, ತೂತುಗಳನ್ನು ಅಳೆಯುತ್ತಾರೆ, ಮನೆಗೆ ಬರುತ್ತಾರೆ. ಇಷ್ಟೇ.

ಆದರೆ ತೋಟಾವನ್ನು ಅಂಗಡಿಯಿಂದ ತರುವುದಿಲ್ಲ. ಹೊಡೆದ ಮೇಲೆ ಉಳಿದ ಖಾಲಿ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ತೊಳೆದು, ಒಣಗಿಸಿ, ಬೇಸ್‌ಮೆಂಟಿನಲ್ಲಿ ಕೂತು ಒಂದೊಂದಕ್ಕೂ ಮದ್ದು ತುಂಬಿ ಮೇಲೊಂದು ಗುಂಡು ಕೂರಿಸುತ್ತಾರೆ. "ಯಾಕೆ ಭಾವ, ಸಿದ್ಧವಾಗಿರೋದು ಸಿಗಲ್ವಾ?" ಅಂತ ಒಮ್ಮೆ ಕೇಳಿದ್ದೆ.

"ಅಂಗಡಿ ಮಾಲು ಅಂದ್ರ ರೆಡಿಮೇಡ್ ಅಂಗಿ ಇದ್ದಂಗ, ಮಾಸ್ತರ. ಎಲ್ಲಾರಿಗೂ ಆಕ್ಕೈತಿ, ಯಾರಿಗೂ ಬರೋಬ್ಬರಿ ಆಗಂಗಿಲ್ಲ" ಅಂದರು. ಭಾವನವರು ಬೆಳಗಾವಿ ಕಡೆಯವರು. ನಾವು ಮೈಸೂರಿನವರು. ನಾನು ಅಲ್ಲೊಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದೆ, ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತಿದ್ದೆ. ಅದಕ್ಕೇ ಅವರಿಗೆ ನಾನು ಮಾಸ್ತರ. ಈಗ ನಾನೂ ಇಲ್ಲಿಗೇ ಬಂದು ಮಿಸ್ಸಿಸಾಗದಲ್ಲಿ ಮಗಳ ಮನೆಯಲ್ಲಿದ್ದೇನೆ. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತೂ ಐದಕ್ಕೆ ಅಕ್ಕನ ಮನೆಯ ಬಾಗಿಲಲ್ಲಿರುತ್ತೇನೆ. ಬಸ್ಸು ತಡವಾದರೆ ಹತ್ತೂ ಹದಿನೇಳು.

ಈಗ ಮುಖ್ಯ ವಿಷಯ. ಮೊದಲೆಲ್ಲ ಭಾವನವರು ಹತ್ತು ಗುಂಡು ಹೊಡೆದರೆ ಹತ್ತೂ ತೂತುಗಳನ್ನು ಅಕ್ಕನ ಒಂದು ನಿಪ್ಪಟ್ಟು ಮುಚ್ಚುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಇಟ್ಟು ನೋಡಿದ್ದೇವೆ, ಆಮೇಲೆ ತಿಂದೂ ಇದ್ದೇವೆ. ಮೂರು ವರ್ಷದ ಹಿಂದೆ ಅದು ಪೂರಿಯಗಲವಾಯಿತು. ಮರುವರ್ಷ ಚಪಾತಿ. ಕಳೆದ ವರ್ಷ ಜೋಳದ ರೊಟ್ಟಿ! "ಪೌಡರ್ ಸರಿ ಇಲ್ಲ" ಅಂದರು ಭಾವನವರು. ಹಳೆಯ ಡಬ್ಬಿ ಮುಗಿದಿತ್ತು, ಹೊಸ ಡಬ್ಬಿಯ ಮಾಲು ಬೇರೆ ಥರ, ಆದ್ದರಿಂದ ಬೇರೆ ಮದ್ದು ಹುಡುಕಬೇಕು. ಹುಡುಕಿದರು. ಒಂದು ಹೋಗಿ ಇನ್ನೊಂದು ಬಂತು, ಅದೂ ಹೋಗಿ ಮತ್ತೊಂದು ಬಂತು. ಮದ್ದು ಅಲ್ಲದಿದ್ದರೆ ಮತ್ತೇನು? ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಕ್ಕ ಅವರ ಲೋಟಕ್ಕೆ ಕಾಫಿಯನ್ನು ಅರ್ಧ ಮಾತ್ರ ಹಾಕಿ ಎರಡು ಸಲ ಕೊಡುತ್ತಿದ್ದಳು. ಅದು ಯಾಕೆಂದೂ ಯಾರೂ ಕೇಳುತ್ತಿರಲಿಲ್ಲ.

ಮದ್ದಿನ ಪರೀಕ್ಷೆ ಅಂದರೆ ಸಾಮಾನ್ಯವೇ? ಒಂದು ಮದ್ದು ಅವಲಕ್ಕಿಯ ಹಾಗೆ ಚಪ್ಪಟೆ. ಅಳತೆಯ ಯಂತ್ರದಿಂದ ಇಳಿಯುವಾಗ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ. ಇನ್ನೊಂದು ಸಾಸಿವೆಗಿಂತ ಸಣ್ಣ ಗುಂಡು ಗುಂಡು. ನೀರಿನ ಹಾಗೆ ಇಳಿಯುತ್ತದೆ, ಆದರೆ ಕೊಳವೆಯ ತಳದಲ್ಲಿ ಎಲ್ಲೋ ಮಲಗಿಬಿಡುತ್ತದೆ. ಮರೆತು ಎರಡು ಸಲ ತುಂಬಿದರೂ ಕಣ್ಣಿಗೆ ಕಾಣದು, ಪಿಸ್ತೂಲು ಕೈಯಲ್ಲೇ ಒಡೆದೀತು. ಭಾವನವರಿಗೆ ಬೇಕಾದ ಮದ್ದು ಸಮನಾಗಿ ಇಳಿಯಬೇಕು, ಕೊಳವೆಯನ್ನು ಚೆನ್ನಾಗಿ ತುಂಬಬೇಕು, ಎರಡು ಸಲ ಬಿದ್ದರೆ ಉಕ್ಕಿ ಹೊರಗೆ ಚೆಲ್ಲಬೇಕು, ಹೊಡೆದಾಗ ಕೈಗೆ ಮೆತ್ತಗಿರಬೇಕು. ಇಷ್ಟು ಗುಣವಿರುವ ಅಳಿಯ ಸಿಕ್ಕಾನು, ಮದ್ದು ಸಿಗುವುದು ಕಷ್ಟ!

ತೂಕದ ತಕ್ಕಡಿ ಇನ್ನೊಂದು ಕಥೆ. ಮಾಲ್ಟನ್‌ನ ಆ ಮನೆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ಛಾವಣಿಯ ಮೇಲಿಂದಲೇ ವಿಮಾನಗಳು ಇಳಿಯುತ್ತವೆ. ಒಂದೊಂದು ವಿಮಾನಕ್ಕೂ ತಕ್ಕಡಿಯ ಮುಳ್ಳು ನಡುಗುತ್ತದೆ. ಆದ್ದರಿಂದ ಒಂದು ವಿಮಾನ ಹೋಗಿ ಇನ್ನೊಂದು ಬರುವುದರೊಳಗೆ ಎರಡು ತೋಟಾ. ಗಾಳಿ ಆಡಿದರೂ ಮುಳ್ಳು ಅಲ್ಲಾಡುತ್ತದೆಂದು ಮನೆಗೆ ಬಿಸಿಗಾಳಿ ಊದುವ ಫರ್ನೇಸನ್ನೂ ಆರಿಸಿಬಿಡುತ್ತಿದ್ದರು. ಫೆಬ್ರವರಿಯಲ್ಲಿ! ಒಂದು ಶನಿವಾರ ಸತ್ಯನಾರಾಯಣ ಪೂಜೆಗೆ ಸ್ಕಾರ್‌ಬರೋದಿಂದ ಬಂದ ಎರಡು ಸಂಸಾರಗಳು ಜಾಕೆಟ್ಟು ಟೋಪಿ ಹಾಕಿಕೊಂಡೇ ಸಪಾದ ಭಕ್ಷ್ಯ ತಿಂದು, "ಮನೆ ತುಂಬಾ ಕೂಲ್ ಆಗಿದೆ ಆಂಟಿ" ಎಂದು ಹೊಗಳಿ ಹೋದವು. ಅವರು ಹಾಗಂದದ್ದು ಮರ್ಯಾದೆಗೋ ಚಳಿಗೋ ನನಗೆ ತಿಳಿಯಲಿಲ್ಲ.

ಮದ್ದು ತುಂಬುವಾಗ ಯಾರೂ ಮಾತಾಡಿಸಬಾರದು. ಬೇಸ್‌ಮೆಂಟಿನ ಬಾಗಿಲಿಗೆ ಕೆಂಪು ಟವೆಲ್ಲು ತೂಗುಬಿದ್ದರೆ ಬಾಯಿ ಮುಚ್ಚಬೇಕು. ಈ ಶಿಸ್ತನ್ನು ನಾನು ಮೆಚ್ಚಿದೆ. ಒಮ್ಮೆ ಅಡಿಗೆಮನೆಯ ಸಿಂಕಿನ ಕೆಳಗೆ ಪೈಪು ಒಡೆಯಿತು. ಬಾಗಿಲಲ್ಲಿ ಟವೆಲ್ಲು! ಅಕ್ಕ "ನೀರು ಹರಿಯುತ್ತಿದೆ" ಎಂದು ಚೀಟಿ ಬರೆದು ಬಾಗಿಲ ಕೆಳಗಿನಿಂದ ತಳ್ಳಿದಳು. ಸ್ವಲ್ಪ ಹೊತ್ತಿಗೆ ಅದೇ ಚೀಟಿ ವಾಪಸ್ಸು ಬಂತು. ಹಿಂದೆ ಬರೆದಿತ್ತು: "ಇನ್ನ ಹನ್ನೆರಡು ಉಳದಾವು."

ಇನ್ನು ನನ್ನ ತಪ್ಪನ್ನು ಹೇಳಬೇಕು. ಏಪ್ರಿಲ್‌ನ ಒಂದು ಮಂಗಳವಾರ ಭಾವನವರು ಕ್ಷೌರಕ್ಕೆ ಹೋಗಿದ್ದರು. ಬೇಸ್‌ಮೆಂಟಿನ ಬೆಂಚಿನ ಮೇಲೆ ಎರಡು ಡಬ್ಬಿಗಳಿದ್ದವು. ಕಪಾಟಿನಲ್ಲಿಡಬೇಕಾದ್ದನ್ನು ಅವರು ಮರೆತಂತಿತ್ತು. ಎರಡರ ತಳದಲ್ಲೂ ಕಾಲು ಕಾಲು ಭಾಗ ಕಪ್ಪು ಪುಡಿ, ಎರಡೂ ಒಂದೇ ಥರ ಕಂಡವು. ನಾನು ಯಾವತ್ತೂ ಅಸ್ತವ್ಯಸ್ತ ಸಹಿಸಿದವನಲ್ಲ. ತೊಗರಿಬೇಳೆಯ ಎರಡು ಅರೆಖಾಲಿ ಡಬ್ಬಿ ಕಂಡರೆ ನೀವಾದರೂ ಏನು ಮಾಡುತ್ತೀರಿ? ಒಂದಕ್ಕೆ ಸುರಿದು, ಇನ್ನೊಂದನ್ನು ಒರೆಸಿ ಮಗುಚಿಟ್ಟು, ಕೈ ತೊಳೆದು ಮೇಲೆ ಬಂದೆ. ಒಳ್ಳೆಯ ಕೆಲಸ ಮಾಡಿದೆನೆಂದು ಅಕ್ಕನಿಗೂ ಹೇಳಿದೆ.

ಭಾವನವರು ಬಂದು ಕೆಳಗಿಳಿದರು. ನಾನು ಒರೆಸಿಟ್ಟ ಖಾಲಿ ಡಬ್ಬಿ ಹಿಡಿದುಕೊಂಡು ಮೇಲೆ ಬಂದರು.

"ಮಾಸ್ತರ, ಎರಡೂ ಕೂಡಿಸಿದಿಯೇನು?"

"ಹೌದು ಭಾವ, ಜಾಗ ಉಳಿಯಲಿ ಅಂತ."

"ಒಂದು ಜಲ್ದಿ ಉರಿಯೂದು, ಒಂದು ತಡಾ ಮಾಡಿ ಉರಿಯೂದು. ಕಲಸಿದ್ರ ಹ್ಯಾಂಗ ಉರೀತೈತಿ ಅಂತ ಯಾರಿಗೂ ಗೊತ್ತಿಲ್ಲ. ದೇವರಿಗೂ ಗೊತ್ತಿಲ್ಲ. ನೀ ಹೇಳದ ಹೋಗಿದ್ರ ಒಂದಿನ ನನ್ನ ಕೈಬೆರಳ ಹೋಗಿರ್ತಿದ್ವಪಾ."

ಆಮೇಲೆ, "ತಪ್ಪು ನಂದೂ ಐತಿ. ಬೆಂಚಿನ ಮ್ಯಾಲೆ ಒಂದಾ ಡಬ್ಬಿ ಇರಬೇಕು. ನಾನ ಮರ್ತೆ" ಅಂದರು. ಅವರು ಮರೆತದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕಲಬೆರಕೆಯಾದ ಪುಡಿಯನ್ನು ತೋಟಾಕ್ಕೆ ಬಳಸುವಂತಿಲ್ಲ. ಇಬ್ಬರೂ ಹಿತ್ತಲಿಗೆ ಹೋಗಿ ಅಕ್ಕನ ಗುಲಾಬಿ ಮಡಿಯ ಮಣ್ಣಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಟ್ಟೆವು. ಜೂನ್‌ನಲ್ಲಿ ಗುಲಾಬಿ ಯಾವ ವರ್ಷವೂ ಬಿಡದಷ್ಟು ಬಿಟ್ಟಿತು. "ಮೂರು ವರ್ಷದಲ್ಲಿ ಇದೊಂದೇ ಮದ್ದು ಸರಿಯಾಗಿ ಕೆಲಸ ಮಾಡಿದ್ದು ಕಣ್ರೀ!" ಅಂದಳು ಅಕ್ಕ.

ಪ್ರಾಯಶ್ಚಿತ್ತವಾಗಿ ನಾನು ಭಾವನವರ ಜೊತೆ ಕ್ಲಬ್ಬಿಗೆ ಹೋಗಿ ಲೆಕ್ಕ ಬರೆದುಕೊಡಬೇಕೆಂದು ತೀರ್ಮಾನವಾಯಿತು. ಜೂನ್‌ನ ಕೊನೆಯ ಭಾನುವಾರ ಹೊರಟೆವು. ಆ ವಾರ ಹೊಸದೊಂದು ಮದ್ದು ತುಂಬಿಸಿ ಇಪ್ಪತ್ತು ತೋಟಾ ತಯಾರಾಗಿದ್ದವು. "ಇದು ಕಡೀದು. ಇದೂ ಆಗದಿದ್ರ ಪಿಸ್ತೂಲು ಒಪ್ಪಿಸಿ ಬಿಡ್ತೀನಿ" ಅಂದರು ದಾರಿಯಲ್ಲಿ. ಒಪ್ಪಿಸುವುದೆಂದರೆ ಪೊಲೀಸರಿಗೆ. ಈಗ ಇಲ್ಲಿ ಹೊಸದಾಗಿ ಕೈಪಿಸ್ತೂಲು ಕೊಳ್ಳುವಂತಿಲ್ಲ, ಇದ್ದದ್ದನ್ನು ಮನೆಯವರಿಗೂ ಕೊಡುವಂತಿಲ್ಲ. ಬಿಟ್ಟರೆ ಬಿಟ್ಟ ಹಾಗೆ.

ಕ್ಲಬ್ಬಿನಲ್ಲಿ ಅವತ್ತು ಮೇಲ್ವಿಚಾರಣೆಗಿದ್ದವರು ಒಬ್ಬ ವಯಸ್ಸಾದ ಸರ್ದಾರ್ಜಿ. ಭಾವನವರ ಕಾರ್ಖಾನೆಯ ಕೆಲಸ ಬಲ್ಲವರು, ಕಂಡೊಡನೆ "ಆಯಿಯೇ ಇನ್‌ಸ್ಪೆಕ್ಟರ್ ಸಾಬ್!" ಅಂದರು. ನನ್ನ ಹೆಸರು ಅತಿಥಿ ಪುಸ್ತಕಕ್ಕೆ ಸೇರಿತು, ಕಿವಿಗೆ ಮುಚ್ಚಳ ಬಂತು. ಭಾವನವರು ಪಿಸ್ತೂಲನ್ನು ಮರಳ ಚೀಲದ ಮೇಲೆ ಒರಗಿಸಿ ಹತ್ತು ಹೊಡೆದರು. ತಂತಿಯ ಮೇಲೆ ಓಡುವ ಗುರಿಯ ಕಾಗದ ಹತ್ತಿರ ಬಂತು.

ಜೋಳದ ರೊಟ್ಟಿ.

ಅಲ್ಲಿ ವಿಮಾನ ಇರಲಿಲ್ಲ, ಗಾಳಿ ಇರಲಿಲ್ಲ, ಫರ್ನೇಸು ಇರಲಿಲ್ಲ. ಭಾವನವರು ಕಾಗದವನ್ನೇ ನೋಡುತ್ತ ನಿಂತರು. ಆಮೇಲೆ ಸರ್ದಾರ್ಜಿಯ ಕಡೆ ತಿರುಗಿ ಏನೋ ಕೇಳಿದರು, ಅವರು ತಲೆಯಾಡಿಸಿದರು.

"ಮಾಸ್ತರ, ಉಳದ ಹತ್ತು ನೀ ಹೊಡಿ. ನಾ ಬಾಜೂಕ ಇರ್ತೀನಿ."

"ನಾನಾ? ನಾನು ಹುಡುಗರಿಗೆ ಎನ್‌ಸಿಸಿ ರೈಫಲ್ ಹೇಳಿಕೊಟ್ಟವನು ಭಾವ. ಪಿಸ್ತೂಲು ಮುಟ್ಟಿಲ್ಲ."

"ಉಸುರು ಬಿಡೂದು, ಹಿಡಿಯೂದು, ಮೆಲ್ಲಕ ಒತ್ತೂದು. ಎರಡಕ್ಕೂ ಅಷ್ಟ. ಹೊಡಿ."

ತಪ್ಪು ಮದ್ದಿನದೋ ತಮ್ಮದೋ ಎಂದು ಅವರು ಕೇಳುತ್ತಿದ್ದಾರೆಂದು ನನಗೆ ಆಗ ತಿಳಿಯಿತು. ಬೇಕೆಂದೇ ಆಚೀಚೆ ಹೊಡೆದುಬಿಡಬಹುದಿತ್ತು. ಮದ್ದೇ ಕೆಟ್ಟದ್ದು, ಇನ್ನೊಂದು ಹುಡುಕೋಣ ಭಾವ ಎಂದು ಹೇಳಿ, ಇನ್ನೊಂದು ವರ್ಷ ಕಳೆಯಬಹುದಿತ್ತು. ಮೊದಲನೆಯ ಗುಂಡಿಗೆ ಹಾಗೇ ಅಂದುಕೊಂಡೆ ಕೂಡ. ಆದರೆ ಚೀಲದ ಮೇಲೆ ಮಣಿಕಟ್ಟು ಊರಿದ ಮೇಲೆ ಕೈ ತನ್ನ ಪಾಡಿಗೆ ತಾನು ನೇರಕ್ಕೆ ನಿಂತಿತು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ನೇರಕ್ಕೆ ಹಿಡಿ ಎಂದು ಹೇಳಿದ್ದರ ಫಲವೋ ಏನೋ. ಹತ್ತೂ ಹೋದವು.

ಕಾಗದ ಬಂತು. ಒಂದು ನಿಪ್ಪಟ್ಟು, ಅದೂ ಚಿಕ್ಕದು.

ಸರ್ದಾರ್ಜಿ ಜೋರಾಗಿ "ವಾಹ್ ಜೀ ವಾಹ್!" ಅಂದವರು ಭಾವನವರ ಮುಖ ನೋಡಿ ಬೇರೆ ಸಾಲಿನ ಕಡೆ ನಡೆದರು. ನಾನು ಏನಾದರೂ ಹೇಳಬೇಕೆಂದು, "ಅದೃಷ್ಟ ಭಾವ, ಸುಮ್ಮನೆ ಬಿತ್ತು" ಅಂದೆ.

"ಸುಮ್ನಿರು. ಹತ್ತು ಸುಮ್ನ ಬೀಳಂಗಿಲ್ಲ." ಕಾಗದವನ್ನು ಬಿಚ್ಚಿಕೊಂಡು ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿದರು. ಮಡಿಕೆ ಸರಿಯಾಗಿ ಕೂರಲು ಬಹಳ ಹೊತ್ತು ಹಿಡಿಯಿತು. "ಪೌಡರ್ ಛಲೋ ಐತಿ" ಅಂದರು.

ಪಿಸ್ತೂಲಿಗೆ ಬೀಗ ಹಾಕಿ, ಪೆಟ್ಟಿಗೆಗೆ ಬೀಗ ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟು, ಇಬ್ಬರೂ ಮುಂದಿನ ಸೀಟಿನಲ್ಲಿ ಕೂತೆವು. ಭಾವನವರು ಕಾರು ಹೊರಡಿಸಲಿಲ್ಲ.

"ಮೂರು ವರ್ಷ, ಪೌಡರ್‌ದ ತಪ್ಪು ಇರ್ಲಿ ಅಂತ ಬೇಡಕೊಂಡೀನಿ ಮಾಸ್ತರ. ಒಂದು ಮುಗೀತು ಅಂದ್ರ ಇನ್ನೊಂದು ತಂದೆ. ಅದನ್ನ ಬದಲಿ ಮಾಡಬಹುದು ನೋಡು" ಅಂದರು. "ಡಾಕ್ಟರ್ ಕಡೆ ಹೋಗೂಣು. ನೀ ಸಂಗಾಟ ಬಾ. ನಿಮ್ಮಕ್ಕಗ ನಾನ ಹೇಳ್ತೀನಿ."

"ಬರ್ತೀನಿ ಭಾವ" ಅಂದೆ.

ಅವರು ಬಲಗೈಯನ್ನು ತಮ್ಮ ತೊಡೆಯ ಮೇಲಿಂದ ಎತ್ತಿ, ನನ್ನ ಮುಖ ನೋಡದೆ, ನಮ್ಮಿಬ್ಬರ ನಡುವೆ ಚಾಚಿದರು. ಎಲೆಯ ಹಾಗೆ ನಡುಗುತ್ತಿತ್ತು. ಇಷ್ಟು ವರ್ಷಗಳ ನೆಂಟಸ್ತಿಕೆಯಲ್ಲಿ ನಾವು ಒಬ್ಬರಿಗೊಬ್ಬರು ಕೈ ಮುಗಿದದ್ದುಂಟು, ಕೈ ಹಿಡಿದದ್ದಿಲ್ಲ. ನಾನು ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡೆ. ಬಹಳ ಹೊತ್ತಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಅದು ಸುಮ್ಮನಾಯಿತು.