ಏವ್ರಿಲ್ ಕೊಟ್ಟ ಉತ್ತರಗಳು

ನಲವತ್ತು ವರ್ಷ ಬ್ಲಫ್ ಬಂದರಿನಲ್ಲಿ ದೋಣಿಗಳ ಇಂಜಿನ್ ಬಿಚ್ಚಿ ಜೋಡಿಸಿದ ಈ ಕೈಗಳಿಗೆ ಒಂದು ಅಡುಗೆ ವೆಬ್‌ಸೈಟು ಯಾವ ಮಹಾ? ನಿವೃತ್ತನಾದ ಮೂರನೇ ವಾರ, ಬೆಳಗಿನ ಟೋಸ್ಟನ್ನು ರಾಜದಂಡದಂತೆ ಹಿಡಿದು ನಾನು ಹೀಗೆಂದು ಘೋಷಿಸಿದೆ. ಸಭೆಯಲ್ಲಿದ್ದವರು ನನ್ನ ಹೆಂಡತಿ ನೋಲೀನ್ ಮತ್ತು ನಾಯಿ. ನಾಯಿ ಮಾತ್ರ ತಲೆಯೆತ್ತಿ ನೋಡಿತು.

ಸೈಟು ನೋಲೀನಳದ್ದು ಮತ್ತು ಅವಳ ಅಕ್ಕ ಏವ್ರಿಲ್‌ಳದ್ದು. ಹನ್ನೊಂದು ವರ್ಷ ಇಬ್ಬರೂ ಸೇರಿ ನಡೆಸಿದ್ದರು. ಹೋದ ಮೇ ತಿಂಗಳಲ್ಲಿ ಏವ್ರಿಲ್ ತೀರಿಕೊಂಡಳು. ಅಲ್ಲಿಂದಾಚೆ ನೋಲೀನ್ ಒಂದು ಸಾಲೂ ಬರೆದಿರಲಿಲ್ಲ. ಸೈಟಿಗೆ ಹೊಸ ಬಣ್ಣ ಬಳಿದರೆ ಅವಳ ಮನಸ್ಸಿಗೂ ಸ್ವಲ್ಪ ಬಣ್ಣ ಬಂದೀತು ಎಂದು ನನ್ನ ಆಸೆ. ಆಸೆಯಲ್ಲಿ ತಪ್ಪಿರಲಿಲ್ಲ. ಅದೊಂದನ್ನು ನನ್ನ ಪರವಾಗಿ ಬರೆದುಕೊಳ್ಳಿ.

"ಮಾಡು. ಆದ್ರೆ ಅಡುಗೆ ಒಂದೂ ಹೋಗ್ಬಾರ್ದು, ಫರ್ಗಸ್," ಎಂದಳು ನೋಲೀನ್.

"ಒಂದು ಚಿಟಿಕೆ ಉಪ್ಪೂ ಹೋಗಲ್ಲ," ಎಂದೆ.

ಈಗ ಸೈಟನ್ನು ಯಾರೂ ತಳಪಾಯದಿಂದ ಕಟ್ಟುವುದಿಲ್ಲವಂತೆ. ಸಿದ್ಧಪಡಿಸಿದ ಒಂದು ವ್ಯವಸ್ಥೆ ಇರುತ್ತದೆ; ಒಳಗೆ ಬರೆದದ್ದು ಹೊರಗೆ ಪುಟವಾಗಿ ಕಾಣುತ್ತದೆ. ಇಡೀ ವೇಷ ಬದಲಿಸಲು ಒಂದೇ ಗುಂಡಿ. ಒತ್ತಿದೆ. ಚೀಸ್ ರೋಲಿನ ಪುಟ ಅರಮನೆಯಂತೆ ಕಂಡಿತು. ಇನ್ನೊಂದು ಒತ್ತಿದೆ. ಸ್ವೀಡ್ ಗೆಡ್ಡೆಯ ಸೂಪು ಬ್ಯಾಂಕಿನಂತೆ ಕಂಡಿತು. ಎರಡು ದಿನ ನಾನು ಸಾಮ್ರಾಟ.

ಮೂರನೇ ದಿನ ಸೈಟು ಕುಂಟತೊಡಗಿತು. ಕಸ ತುಂಬಿದ ಇಂಜಿನ್ನೂ ಹೀಗೇ ಕುಂಟುವುದು. ಒಳಗೆ ನೋಡಿದರೆ ಸೈಟಿನದೇ ಹಳೆಯ ಪ್ರತಿಗಳ ರಾಶಿ. ತೆಗೆದೆ. ಆಮೇಲೆ ಕಂಡದ್ದು ಎರಡು ಸಾವಿರದ ಏಳುನೂರು ಕಾಮೆಂಟುಗಳು. ಮೊದಲ ಪುಟದ ತುಂಬ ಬೂಟಿನ ಜಾಹೀರಾತು, ಬೋಳುತಲೆಗೆ ಔಷಧಿ. ಎರಡನೇ ಪುಟ ನೋಡುವ ಗೋಜಿಗೆ ಹೋಗದೆ ಎಲ್ಲವನ್ನೂ ಆರಿಸಿದೆ. "ಶಾಶ್ವತವಾಗಿ ಅಳಿಸಲೇ?" ಎಂದು ಕೇಳಿತು. ಯಾರನ್ನು ಎಂದು ಅದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೂಂ ಎಂದು ಒತ್ತಿದೆ.

ಮರುದಿನ ಬೆಳಿಗ್ಗೆ ನೋಲೀನ್ ಚಹಾ, ಫೋನು ಹಿಡಿದು ಕಿಟಕಿಯ ಹತ್ತಿರ ಕೂತಳು. ದಿನಾ ಅಲ್ಲಿ ಕೂತು ಅವಳು ಸುದ್ದಿ ಓದುತ್ತಾಳೆ ಎಂದೇ ನಾನು ತಿಳಿದಿದ್ದೆ.

"ಏವ್ರಿಲ್ ಎಲ್ಲಿ?" ಎಂದಳು.

ದುಃಖದಲ್ಲಿ ಇವಳಿಗೆ ಏನಾದರೂ ಆಯಿತೇ ಎಂದು ಮೆಲ್ಲಗೆ ಹೇಳಿದೆ, "ಚಿನ್ನ, ಏವ್ರಿಲ್ ಹೋಗಿ ಒಂಬತ್ತು ತಿಂಗಳಾಯ್ತು."

"ಅದು ನಂಗೊತ್ತು. ಅವ್ಳು ಬರೆದ ಉತ್ತರ ಎಲ್ಲಿ?"

ಆಗ ತಿಳಿಯಿತು, ದಿನಾ ಅವಳು ಓದುತ್ತಿದ್ದದ್ದು ಅದನ್ನೇ ಎಂದು. ಅಡುಗೆ ಬರೆಯುತ್ತಿದ್ದವಳು ನೋಲೀನ್. ಕೆಳಗೆ ಓದುಗರು ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಕೊಡುತ್ತಿದ್ದವಳು ಏವ್ರಿಲ್. ಬೂಟು, ಬೋಳುತಲೆಗಳ ಹಿಂದೆ ಹನ್ನೊಂದು ವರ್ಷದ ಅವಳ ಮಾತು ಕೂತಿತ್ತು. ಅಷ್ಟು ವರ್ಷದಲ್ಲಿ ನಾನು ಹೆಂಡತಿಯ ಸೈಟನ್ನು ಒಮ್ಮೆಯೂ ಕೆಳಗಿನವರೆಗೆ ಓದಿರಲಿಲ್ಲ.

ಸೈಟನ್ನು ಇಟ್ಟುಕೊಂಡಿರುವ ಕಂಪನಿಗೆ ಫೋನ್ ಮಾಡಿದೆ.

"ಹಳೇ ಪ್ರತಿ ಇದ್ಯಾ ಸರ್?" ಎಂದಳು ಅಲ್ಲಿದ್ದ ಹೆಂಗಸು.

"ಇತ್ತು."

"ಈಗ ಎಲ್ಲಿದೆ?"

"ಮೊದ್ಲು ಅದನ್ನೇ ತೆಗೆದೆ. ಜಾಗ ತಿಂತಿತ್ತು."

ಅವಳು, ಸಾವಿನ ಮನೆಯಲ್ಲಿ ಹೇಳುವ ಹಾಗೆ, "ಕ್ಷಮಿಸಿ ಸರ್," ಎಂದಳು.

ನೋಲೀನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಫೋಟೋದಲ್ಲಿ ಅವ್ಳು ಸುಮ್ನೆ ನಗ್ತಾಳೆ, ಫರ್ಗಸ್," ಎಂದಳು. "ಅಲ್ಲಿ ಮಾತಾಡ್ತಿದ್ಲು." ಚಹಾ ಆರಿತು. ಅವಳು ಎದ್ದು ಹೋಗಿ ನಾಯಿಯನ್ನು ಕರೆದುಕೊಂಡು ಸಮುದ್ರದ ಕಡೆ ನಡೆದಳು. ಆಮೇಲೆ ನಾಲ್ಕು ದಿನ ಮನೆಯಲ್ಲಿ "ಉಪ್ಪು ಕೊಡು" ಎಂಬುದಕ್ಕಿಂತ ದೊಡ್ಡ ವಾಕ್ಯ ಹುಟ್ಟಲಿಲ್ಲ.

ಐದನೇ ದಿನ ಸೈಟಿನ ಮೊದಲ ಪುಟದಲ್ಲಿ ನಾನೇ ಬರೆದೆ: "ನಾನು ನೋಲೀನಳ ಗಂಡ. ಏವ್ರಿಲ್ ಬರೆದದ್ದನ್ನೆಲ್ಲ ಅಳಿಸಿಬಿಟ್ಟಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಒಂದು ಸಾಲು ಉಳಿದಿದ್ದರೆ ದಯವಿಟ್ಟು ಕಳಿಸಿ." ಇಂಜಿನ್ ರಿಪೇರಿಯಲ್ಲಿ ನಾನೆಂದೂ ದಯವಿಟ್ಟು ಎಂದವನಲ್ಲ.

ಸಂಜೆಗೆ ಟಿಮರೂ ಊರಿನ ಒಬ್ಬ ಓದುಗನಿಂದ ಮೊದಲನೆಯದು ಬಂತು. ಏವ್ರಿಲ್ ಉತ್ತರ ಬರೆದಾಗಲೆಲ್ಲ ಪ್ರಶ್ನೆ ಕೇಳಿದವರಿಗೆ ಅದರ ಪ್ರತಿ ಮೇಲ್‌ನಲ್ಲಿ ಹೋಗುತ್ತಿತ್ತಂತೆ. ಮೊಟ್ಟೆಯ ಬಿಳಿ ನೊರೆಯಿಂದ ಮಾಡಿದ ಪಾವ್ಲೊವಾ ಕೇಕು ಕುಸಿಯಿತು, ಏನು ಮಾಡಲಿ ಎಂದು ಆತ ಕೇಳಿದ್ದ. "ಮೇಲೆ ಕೆನೆ ಸುರಿದು ಮುಚ್ಚಿ, ಇದು ಹೀಗೇ ಇರೋದು ಅನ್ನಿ. ನಾನು ನಲವತ್ತು ವರ್ಷದಿಂದ ಹಾಗೇ ಹೇಳ್ತಿದೀನಿ," ಎಂದಿದ್ದಳು ಏವ್ರಿಲ್.

ನಾನು ಗಟ್ಟಿಯಾಗಿ ಓದಿದೆ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. "ಇನ್ನೊಂದ್ಸಲ ಓದು," ಎಂದಳು ನೋಲೀನ್.

ಮೂರು ವಾರದಲ್ಲಿ ತೊಂಬತ್ತಾರು ಬಂದವು. ಒಂದೊಂದನ್ನೂ ನಾನು ಎರಡು ಬೆರಳಲ್ಲಿ ಕುಟ್ಟಿ ಅದರದರ ಅಡುಗೆಯ ಕೆಳಗೆ ಕೂರಿಸಿದೆ. ಉಳಿದ ನೂರಾರು ಬರಲಿಲ್ಲ, ಬರುವುದೂ ಇಲ್ಲ. ಕೆಲವರು ಮೇಲ್ ಅಳಿಸಿದ್ದರು. ಕೆಲವರು, ಏವ್ರಿಲ್‌ಳ ಹಾಗೆ, ಈಗ ಇರಲಿಲ್ಲ.

ಕೊನೆಯದು ಗೋರ್ ಊರಿನ ಒಬ್ಬ ಹೆಂಗಸಿನದು. ಗಂಡ ನಿವೃತ್ತನಾಗಿದ್ದಾನೆ, ಅಡುಗೆಮನೆಯಲ್ಲಿ ನೆರವಾಗುತ್ತೇನೆ ಅಂತಾನೆ, ಏನು ಮಾಡಲಿ ಎಂದು ಆಕೆಯ ಪ್ರಶ್ನೆ. ಉತ್ತರವನ್ನು ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಬಚ್ಚಿಡೋಣ ಅನಿಸಿತು. ಆದರೂ ಓದಿದೆ:

"ನನ್ನ ತಂಗಿ ಗಂಡ ತುಂಬಾ ಒಳ್ಳೆಯವನು. ಒಂದ್ಸಲ ಹಾಲು ನೋಡ್ಕೋ ಅಂತ ಹೇಳಿದ್ವಿ, ಗೋಡೆಗೆ ಸುಣ್ಣ ಬಳಿಸಬೇಕಾಯ್ತು. ನಿಮ್ಮವರಿಗೆ ಒಂದು ಕುರ್ಚಿ ಕೊಡಿ, ಚಹಾ ಕೊಡಿ, ಏನನ್ನೂ ಮುಟ್ಟಬೇಡಿ ಅಂತ ಪ್ರೀತಿಯಿಂದ ಹೇಳಿ."

ನೋಲೀನ್ ನಕ್ಕಳು. ಏವ್ರಿಲ್ ಹೋದಮೇಲೆ ಮೊದಲ ಸಲ. ನಗುತ್ತಲೇ ಅತ್ತಳು, ಅಳುತ್ತಲೇ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇದು ಮೊದಲ್ನೇ ಪುಟಕ್ಕೆ. ದೊಡ್ಡ ಅಕ್ಷರದಲ್ಲಿ," ಎಂದಳು.

ನಾನು ಗುಂಡಿಯತ್ತ ಕೈ ಚಾಚಿದೆ. ಅವಳು ಆ ಕೈಯನ್ನು ಮೆಲ್ಲಗೆ ಹಿಡಿದು, ಅದರೊಳಗೆ ಚಹಾದ ಬಟ್ಟಲಿಟ್ಟು, ಕುರ್ಚಿ ತೋರಿಸಿದಳು.