ಹಿಂದಿನ ಚಕ್ರದ ಎರಡು ಬೋಲ್ಟು

ಗಂಡ ಕೆಲಸದ ಮೇಲೆ ಪರವೂರಿಗೆ ಹೊರಟಾಗ ಹೇಳಿಹೋದದ್ದು ಒಂದೇ ಮಾತು: "ನಾನು ಬರೋವರೆಗೂ ಕಾರು ಮುಟ್ಬೇಡ. ಏನಾದ್ರೂ ಎಡವಟ್ಟಾದ್ರೆ ಆಮೇಲೆ ಕೀಲಿ ನನ್ನ ಜೇಬಲ್ಲೇ ಇರುತ್ತೆ, ನೋಡು."

ಐವತ್ತರ ಅಂಚಿನಲ್ಲಿ ಲೈಸೆನ್ಸು ಪಡೆದವಳು ಅವಳು. ವಠಾರದವರು ಅಂದಿನಿಂದ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಆದರೆ ಪಕ್ಕದ ಸೀಟಿನಲ್ಲಿ ಗಂಡ ಕೂತು "ಬ್ರೇಕು, ಬ್ರೇಕು" ಎಂದು ಜಪಿಸದೆ ಅವಳು ಒಮ್ಮೆಯೂ ಕಾರು ಓಡಿಸಿರಲಿಲ್ಲ. ಇವತ್ತು ಸಂಜೆ ಅವನು ವಾಪಸು. ಅಷ್ಟರೊಳಗೆ ಕೆರೆಯವರೆಗೆ ಒಬ್ಬಳೇ ಹೋಗಿಬರಬೇಕು ಅನ್ನಿಸಿತು. ಕೆಲಸವೇನೂ ಇರಲಿಲ್ಲ. ಕೆಲಸವಿಲ್ಲದೆ ಎಲ್ಲಿಗಾದರೂ ಹೋಗಿ ಎಷ್ಟು ವರ್ಷವಾಗಿತ್ತು.

ಕೆಳಗಿಳಿದು ನೋಡಿದರೆ ಹಿಂದಿನ ಎಡಗಡೆ ಚಕ್ರ ಹೊಟ್ಟೆ ತುಂಬಿದ ಹೆಬ್ಬಾವಿನಂತೆ ನೆಲಕ್ಕೊರಗಿತ್ತು. ಪಂಕ್ಚರು. ಡ್ರೈವಿಂಗ್ ತರಗತಿಯಲ್ಲಿ ಕಲಿತದ್ದನ್ನು ನೆನೆಯುತ್ತಾ ಸ್ಪ್ಯಾನರ್ ಹಾಕಿದಳು. ಎರಡು ನಟ್ಟು ಸಲೀಸಾಗಿ ಬಂದವು. ಇನ್ನೆರಡು ಹಟಮಾರಿ ಕೂಸುಗಳಂತೆ ಕಿರುಗುಟ್ಟಿ, ಕಡೆಗೆ ಬೋಲ್ಟಿನ ಥ್ರೆಡ್ಡನ್ನೆಲ್ಲ ಕಿತ್ತುಕೊಂಡೇ ಹೊರಬಂದವು.

ಮನೆಯಲ್ಲಿ ಮಿಕ್ಸಿ ಸುಟ್ಟರೂ, ಹಾಲು ಒಡೆದರೂ, ನಲ್ಲಿ ಸೋರಿದರೂ ಮೊದಲು ತನ್ನ ಕೈಯನ್ನೇ ನೋಡಿಕೊಳ್ಳುವ ಅಭ್ಯಾಸ ಅವಳಿಗೆ. ಈಗಲೂ ನೋಡಿಕೊಂಡಳು. ಗ್ರೀಸು ಮೆತ್ತಿತ್ತು.

ಜಾಕ್ ಕೊಟ್ಟು ಕಾರೆತ್ತಿ ಚಕ್ರ ಕಳಚಿ, ಟೈರು ಹೊತ್ತು ಆಟೋದಲ್ಲಿ ಹೋಗಿ ಪಂಕ್ಚರು ಹಾಕಿಸಿ, ಬಿಡಿಭಾಗದ ಅಂಗಡಿಯಲ್ಲಿ ಹಾಳಾದ ನಟ್ಟು ತೋರಿಸಿ ಹೊಸ ನಟ್ಟು, ಬೋಲ್ಟು ಕೇಳಿದಳು. ಅಂಗಡಿಯವನು ನಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರ್ ಮೇಡಂ ಇದನ್ನ ಬಿಗಿ ಮಾಡಿದ್ದು? ಸೊಟ್ಟಗೆ ಹಾಕಿ, ಸ್ಪ್ಯಾನರ್ ಮೇಲೆ ಹತ್ತಿ ಕುಣಿದಂಗಿದೆ."

"ನಾನೇ," ಎಂದಳು ಡ್ರೈವರಮ್ಮ. ಬಾಯಿಗೂ ಅಷ್ಟೇ ಅಭ್ಯಾಸವಾಗಿತ್ತು.

ಮರಳಿ ಬಂದು ಚಾಪೆ ಹಾಸಿ ಕೂತದ್ದೇ ತಡ, ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಬಾಲ್ಕನಿಯಲ್ಲಿ ಕುರ್ಚಿ ಎಳೆದುಕೊಂಡರು. ಎದುರುಮನೆಯ ದರ್ಜಿಯಕ್ಕ ಹೊಲಿಗೆ ನಿಲ್ಲಿಸಿ, ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು.

"ಮೊದಲು ಹ್ಯಾಂಡ್‌ಬ್ರೇಕ್ ಹಾಕಮ್ಮಾ," ಎಂದರು ಮೇಷ್ಟ್ರು.

ಹಾಕಿದಳು. ಬೋಲ್ಟು ಬಿಚ್ಚಬೇಕಾದರೆ ಅದರ ಮೇಲಿನ ಬ್ರೇಕ್ ಡ್ರಮ್ಮು ಕಳಚಬೇಕಿತ್ತು. ಎಳೆದಳು. ದರ್ಜಿಯಕ್ಕ ಅವಳ ಸೊಂಟ ಹಿಡಿದು ಎಳೆದಳು. ಡ್ರಮ್ಮು ಜಪ್ಪಯ್ಯ ಅಂದರೂ ಬರಲಿಲ್ಲ. ಇಬ್ಬರೂ ಹಿಂದಕ್ಕೆ ಬಿದ್ದದ್ದಷ್ಟೇ ಲಾಭ. ಮೊಬೈಲಿನ ವೀಡಿಯೋ ನೋಡಿದ ಮೇಲೆ ತಿಳಿಯಿತು: ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಅದು ಬರುವುದೇ ಇಲ್ಲ.

"ಅದನ್ನೇ ನಾನು ಹೇಳಿದ್ದು," ಎಂದರು ಮೇಷ್ಟ್ರು.

ಮುಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿಟ್ಟು ಬ್ರೇಕು ಸಡಿಲಿಸಿದ ಮೇಲೆ ಡ್ರಮ್ಮು ಕಳಚಿಬಂತು, ಕೆಲಸ ಸಾಗಿತು. ಕೆಟ್ಟ ಬೋಲ್ಟುಗಳನ್ನು ಸುತ್ತಿಗೆಯಿಂದ ಹೊಡೆದು ಹಿಂದಕ್ಕೆ ಬೀಳಿಸಿದಳು. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ವಾಷರುಗಳನ್ನು ಪೇರಿಸಿ, ನಟ್ಟನ್ನು ತಿರುಗುಮುರುಗಾಗಿ ಹಾಕಿ ಬಿಗಿಯುತ್ತಾ ಹೋದಳು. ಬೋಲ್ಟು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಮುಂದೆ ಬಂದು ಗಟ್ಟಿಯಾಗಿ ಕೂತಿತು.

"ಅಯ್ಯೋ, ಲಂಗಕ್ಕೆ ಲಾಡಿ ಪೋಣಿಸಿದಂಗೇ ಇದೆಯಲ್ಲೇ," ಎಂದಳು ದರ್ಜಿಯಕ್ಕ. "ಇಷ್ಟಕ್ಕೆ ಈ ಗಂಡಸರು ಅಷ್ಟು ಮುಖ ಗಂಟಿಕ್ಕಿಕೊಳ್ತಾರಾ?"

ಚಕ್ರ ಕೂರಿಸಿ ಎದ್ದಾಗ ಡ್ರೈವರಮ್ಮನ ಸೊಂಟ ಮುರಿದಿತ್ತು, ಮನಸ್ಸು ಮಾತ್ರ ಹಾರುತ್ತಿತ್ತು. ಆದರೆ ಹೊಸ ಬೋಲ್ಟು, ನಟ್ಟು ಚಿನ್ನದ ಹಲ್ಲಿನಂತೆ ಫಳಫಳ ಅನ್ನುತ್ತಿದ್ದವು. ಹಳೆ ಗ್ರೀಸಿಗೆ ಧೂಳು ಕಲಸಿ ಚೆನ್ನಾಗಿ ಬಳಿದಳು. ಈಗ ಅವು ಪಕ್ಕದವುಗಳ ಒಡಹುಟ್ಟಿದವರಂತೆ ಕಂಡವು.

"ಇವರಿಗೆ ಹೇಳ್ಬೇಡಿ," ಎಂದು ಇಬ್ಬರಿಗೂ ಕೈಮುಗಿದಳು.

"ಸತ್ರೂ ಬಾಯಿ ಬಿಡಲ್ಲ," ಎಂದಳು ದರ್ಜಿಯಕ್ಕ. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟುಕೊಂಡರು. ಕೆರೆಗೆ ಹೋಗಲು ಹೊತ್ತು ಮೀರಿತ್ತು. ಕೀಲಿ ಉಳಿದರೆ ಕೆರೆ ಎಲ್ಲಿಗೆ ಓಡಿಹೋಗುತ್ತದೆ?

ಸಂಜೆ ಬಂದ ಗಂಡ ಟೀ ಕೂಡ ಕುಡಿಯಲಿಲ್ಲ. "ಕಾರು ಒರೆಸಿಬರ್ತೀನಿ," ಎಂದು ಇಳಿದುಹೋದ. ಒರೆಸಲು ಸುತ್ತಿಗೆ ಯಾಕೆಂದು ಕೇಳಲು ಅದು ಅವಳಿಗೆ ಕಾಣಲೂ ಇಲ್ಲ. ಅವನು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ.

ಪಾತ್ರೆ ತೊಳೆದು, ಒಗೆಯಲು ಬಟ್ಟೆ ತೆಗೆಯೋಣವೆಂದು ಅವನ ಚೀಲ ಬಿಚ್ಚಿದಳು. ಕಾಲುಚೀಲವೊಂದು ಕಲ್ಲಿನಷ್ಟು ಭಾರವಿತ್ತು. ಬೋರಲು ಹಾಕಿದರೆ ಎರಡು ಹೊಚ್ಚಹೊಸ ಬೋಲ್ಟು, ಎರಡು ನಟ್ಟು.

ಅವಳು ನೆಲದ ಮೇಲೇ ಕೂತಳು. ಸೊಟ್ಟಗೆ ಹಾಕಿದವರು, ಹತ್ತಿ ಕುಣಿದವರು ಯಾರೆಂದು ಈಗ ಗೊತ್ತಾಯಿತು. ಕಾರು ಮುಟ್ಟಬೇಡ ಅಂದದ್ದು ಯಾಕೆಂದೂ ಗೊತ್ತಾಯಿತು. ಕೆಡಿಸಿದ್ದು ತನ್ನ ಕೈಯಲ್ಲ. ಮದುವೆಯಾದಂದಿನಿಂದ ಇಷ್ಟು ಹಗುರಾಗಿ ಅವಳು ನಕ್ಕದ್ದಿಲ್ಲ.

ಕೆಳಗಿನಿಂದ ಠಣ್ ಠಣ್ ಎಂದು ಕೇಳಿಸಿತು.

ಬೋಲ್ಟು ಮುಷ್ಟಿಯಲ್ಲಿ ಹಿಡಿದು ಓಡಿದಳು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಗ್ರೀಸು ಬಳಿದವನ್ನು ತಾನು ಕೆಡಿಸಿದ ಹಳೆಯವೇ ಎಂದುಕೊಂಡು ಅವನು ಚಕ್ರ ಬಿಚ್ಚಿ, ಅವಳ ಹೊಸ ಬೋಲ್ಟುಗಳ ತುದಿಯ ಮೇಲೆ ಬಡಿದು ಬಡಿದು ಅಣಬೆ ಮಾಡಿದ್ದ. ಡ್ರಮ್ಮು ಕಳಚಿರಲೇ ಇಲ್ಲ.

"ಅಯ್ಯೋ, ಅಮ್ಮಾವ್ರು ಬೆಳಗಿನಿಂದ ಕೂತು ಹಾಕಿದ್ದನ್ನ ಯಾಕಪ್ಪಾ ಚಚ್ತಾ ಇದ್ದೀಯ?" ಎಂದರು ಮೇಷ್ಟ್ರು, ಬಾಲ್ಕನಿಯಿಂದ.

"ಹೇಳ್ಬೇಡಿ ಅಂದಿದ್ದಳಲ್ಲ ಮೇಷ್ಟ್ರೇ," ಎಂದು ದರ್ಜಿಯಕ್ಕ ಉಳಿದದ್ದನ್ನೂ ಪೂರ್ತಿ ಮಾಡಿದಳು.

ಗಂಡ ಎದ್ದು ನಿಂತ. ಬಿಡುಗಡೆಯಾದ ಕೈದಿಯ ಹಾಗೆ ಅವನ ಮುಖ ಅರಳಿತು.

"ಅಂದ್ರೆ ಕಾರು ಮುಟ್ಟಿದ್ದೀಯ. ಬೋಲ್ಟು ಕೆಡಿಸಿದ್ದು ನೀನೇ."

ಅವಳು ಮುಷ್ಟಿ ಬಿಚ್ಚಿದಳು. "ಹಾಗಾದ್ರೆ ಇವು ನಿಮ್ಮ ಕಾಲುಚೀಲದಲ್ಲಿ ಯಾಕಿದ್ವು, ಹೇಳಿ."

ಅವನು ಬೋಲ್ಟು ನೋಡಿದ. ದರ್ಜಿಯಕ್ಕನನ್ನು ನೋಡಿದ. ಬಾಲ್ಕನಿ ನೋಡಿದ.

"ನೀನು ಮುಟ್ಟೇ ಮುಟ್ತೀಯ, ಕೆಡಿಸೇ ಕೆಡಿಸ್ತೀಯ ಅಂತ ನಂಗೊತ್ತಿತ್ತಲ್ಲ. ಅದಕ್ಕೇ ತಂದೆ."

"ಮುಂದಾಲೋಚನೆ ಅಂದ್ರೆ ಇದು," ಎಂದು ಮೇಷ್ಟ್ರು ತಲೆದೂಗಿದರು.

ಗಂಡ ಕೀಲಿಯನ್ನು ಜೇಬಿಗಿಳಿಸಿ, ಸುತ್ತಿಗೆಯನ್ನು ಅವಳ ಕೈಗಿತ್ತ.

"ಹೇಗೂ ಕಲ್ತಿದ್ದೀಯಲ್ಲ, ಇವನ್ನೂ ಹಾಕಿಬಿಡು. ನಾನು ಟೀ ಕುಡಿದು ಬರ್ತೀನಿ."